ನೆತ್ತಿಯ ಮೇಲೆ ಅಳೆದು ಮಾಡಿದ ಗಾಯಗಳು

ನನ್ನ ನೆತ್ತಿಯ ಮೇಲೆ ಸೂಜಿಗಳ ಉರುಳೆ ಮೊದಲ ಸಲ ಓಡಿದ್ದು ವೈದ್ಯರ ಕೈಯಿಂದಲ್ಲ, ನನ್ನ ಕೈಯಿಂದಲೇ. ಆಗ ನನಗೆ 34 ವರ್ಷ. ತಲೆಯ ಸುಳಿಯ ಸುತ್ತ ಕೂದಲು ತೆಳುವಾಗತೊಡಗಿ ಆರು ವರ್ಷಗಳಾಗಿದ್ದವು. ಹಣೆಯ ಎರಡೂ ಮೂಲೆಗಳು ಅದಕ್ಕಿಂತ ಮುಂಚಿನಿಂದಲೇ ಹಿಂದೆ ಸರಿಯುತ್ತಿದ್ದವು. ಮಿನಾಕ್ಸಿಡಿಲ್ ದ್ರಾವಣವನ್ನು ಒಂದು ವರ್ಷ ದಿನಕ್ಕೆರಡು ಸಲ ತಪ್ಪದೆ ಹಚ್ಚಿ, ಫಲ ಕಾಣಲಿಲ್ಲವೆಂದು ನಿಲ್ಲಿಸಿದ್ದೆ. ನಿಲ್ಲಿಸಿದ ನಾಲ್ಕು ತಿಂಗಳೊಳಗೆ, ಅದು ಸದ್ದಿಲ್ಲದೆ ಹಿಡಿದಿಟ್ಟಿದ್ದ ಕೂದಲೂ ಉದುರಿಹೋಗಿ, ನನ್ನ ತೀರ್ಮಾನ ತಪ್ಪಾಗಿತ್ತೆಂಬುದು ತಿಳಿಯಿತು. ಚರ್ಮಕ್ಕೆ ಗಾಯ ಮಾಡಿ ಕೂದಲು ಬೆಳೆಸುವ ಪ್ರಯೋಗಗಳ ಬಗ್ಗೆ ನಾನು ಓದತೊಡಗಿದ್ದು ಆ ದಿನಗಳಲ್ಲಿ.

ಓದಿದವುಗಳಲ್ಲಿ ನನ್ನನ್ನು ಬಿಡದೆ ಹಿಡಿದದ್ದು 2007ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಪ್ರಬಂಧ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮಯೂಮಿ ಇಟೊ, ಜಾರ್ಜ್ ಕೋಟ್ಸರೆಲಿಸ್ ಮತ್ತು ಅವರ ಸಂಗಡಿಗರು ಇಲಿಗಳ ಬೆನ್ನಿನ ಚರ್ಮದ ಒಂದು ತುಂಡನ್ನು ಪೂರ್ಣ ದಪ್ಪದಲ್ಲಿ ತೆಗೆದು, ಗಾಯವನ್ನು ತಾನಾಗಿ ಮಾಯಲು ಬಿಟ್ಟಿದ್ದರು. ಗಾಯ ಸಾಕಷ್ಟು ದೊಡ್ಡದಾಗಿದ್ದರೆ, ಅದು ಮುಚ್ಚಿಕೊಂಡ ಮೇಲೆ ನಡುಭಾಗದಲ್ಲಿ ಹೊಸ ರೋಮಕೂಪಗಳೇ ಹುಟ್ಟುತ್ತಿದ್ದವು. ರೋಮಕೂಪಗಳೆಲ್ಲ ಭ್ರೂಣದಲ್ಲೇ ರೂಪುಗೊಳ್ಳುತ್ತವೆ, ಬೆಳೆದ ಪ್ರಾಣಿಯಲ್ಲಿ ಹೊಸದಾಗಿ ಹುಟ್ಟುವುದಿಲ್ಲ ಎಂಬ ಬಹುಕಾಲದ ತಿಳಿವಳಿಕೆಯನ್ನು ಇದು ಅಲುಗಾಡಿಸಿತ್ತು. ಭ್ರೂಣದಲ್ಲಿ ರೋಮಕೂಪ ಕಟ್ಟುವಾಗ ಕೆಲಸ ಮಾಡುವ ವಿಂಟ್ ಎಂಬ ಸಂಕೇತವನ್ನು ತಡೆದಾಗ ಗಾಯದಲ್ಲಿ ಕೂದಲು ಹುಟ್ಟಲಿಲ್ಲ. ಅದೇ ಸಂಕೇತವನ್ನು ಹೆಚ್ಚಿಸಿದಾಗ ಹೆಚ್ಚು ಹುಟ್ಟಿತು. ಹಾಗೆ ಬಂದ ಕೂದಲಿಗೆ ಬಣ್ಣವಿರಲಿಲ್ಲ, ಅದು ಬಿಳಿಯಾಗಿತ್ತು ಎಂಬ ಸಂಗತಿಯನ್ನು ಓದಿದಾಗ, ಬಿಳಿಯಾದರೂ ಆದೀತು ಎಂದುಕೊಂಡದ್ದು ನನಗೆ ಇನ್ನೂ ನೆನಪಿದೆ.

ಇದಕ್ಕೆ ಹಿಂದಿನ ಎಳೆಯೊಂದಿತ್ತು. 1956ರಲ್ಲೇ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಜಾನ್ ಸ್ಟ್ರಾಸ್ ಎಂಬ ಚರ್ಮತಜ್ಞರು, ಉಜ್ಜಿ ಮೇಲ್ಪದರ ತೆಗೆದ ಮನುಷ್ಯರ ಚರ್ಮದಲ್ಲಿ ನವಿರು ಕೂದಲಿನ ಹೊಸ ಕೂಪಗಳು ಮೂಡಿದ್ದನ್ನು ವರದಿ ಮಾಡಿದ್ದರು. ಈ ಎರಡನ್ನೂ ಜೋಡಿಸಿಕೊಂಡು ನಾನು ಮಾಡಿದ ತರ್ಕ ಬಹಳ ಸರಳವಾಗಿತ್ತು: ಗಾಯವೇ ಕೂದಲನ್ನು ಹುಟ್ಟಿಸುವುದಾದರೆ, ಗಾಯ ಆಳವಾದಷ್ಟೂ, ಪದೇ ಪದೇ ಆದಷ್ಟೂ ಒಳ್ಳೆಯದು. ನನ್ನ ಮುಂದಿನ ಕಷ್ಟಗಳೆಲ್ಲ ಈ ಒಂದು ವಾಕ್ಯದಿಂದ ಹುಟ್ಟಿದವು.

2 ಮಿಲಿಮೀಟರ್ ಉದ್ದದ ಸೂಜಿಗಳಿದ್ದ ಡರ್ಮಾರೋಲರ್ ಒಂದನ್ನು ತರಿಸಿಕೊಂಡು, ಮೂರು ದಿನಕ್ಕೊಮ್ಮೆ ಸುಳಿಯ ಮೇಲೆಯೂ ಹಣೆಯ ಮೂಲೆಗಳ ಮೇಲೆಯೂ ಉರುಳಿಸತೊಡಗಿದೆ. ಹಿಂದಿನ ಸಲದ ಹಕ್ಕಳೆ ಉದುರುವ ಮುಂಚೆಯೇ ಮುಂದಿನ ಸರದಿ ಬರುತ್ತಿತ್ತು. ಉರುಳೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ ತೊಳೆಯುತ್ತಿದ್ದೆನಾದರೂ ಅದೇ ಸೂಜಿಗಳನ್ನು ಆರು ವಾರ ಬಳಸಿದೆ; ಸೂಕ್ಷ್ಮ ಸೂಜಿಗಳ ಮೊನೆ ಬಳಕೆಯಿಂದ ಬಾಗುತ್ತದೆ, ಬಾಗಿದ ಮೊನೆ ಚುಚ್ಚುವುದರ ಬದಲು ಸೀಳುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ. ಐದನೆಯ ವಾರ ಸುಳಿಯ ಬಲಬದಿಯಲ್ಲಿ ಕೀವುಗುಳ್ಳೆಗಳೆದ್ದವು. ಅದನ್ನೂ ಒಳಗಿನಿಂದ ಏನೋ ನಡೆಯುತ್ತಿರುವ ಲಕ್ಷಣವೆಂದು ಬಗೆದು ಇನ್ನೊಂದು ವಾರ ಮುಂದುವರಿಸಿದೆ. ಒಂದು ಗುಳ್ಳೆಯನ್ನು ಕೆರೆದು ಒಡೆದೆ. ದಿಂಬಿಗೆ ತಲೆಯಿಡಲಾಗದಷ್ಟು ನೋವಾದ ರಾತ್ರಿ, ನನ್ನ ತಂಗಿ ದೀಪ ಹಿಡಿದು ನೋಡಿ, "ಅಣ್ಣಾ, ಇದು ಕೂದಲು ಬರೋ ತಲೆಯ ಹಾಗೆ ಕಾಣ್ತಿಲ್ಲ, ಬೆಳಿಗ್ಗೆ ಎದ್ದು ಡಾಕ್ಟರ ಹತ್ತಿರ ಹೋಗು" ಎಂದಳು.

ಚರ್ಮವೈದ್ಯೆ ನನ್ನನ್ನು ಬೈಯಲಿಲ್ಲ. ಹಿಗ್ಗಿಸಿ ತೋರಿಸುವ ಡರ್ಮಾಸ್ಕೋಪನ್ನು ನೆತ್ತಿಯ ಮೇಲಿಟ್ಟು ಬಹಳ ಹೊತ್ತು ನೋಡಿದರು.

"ಎಷ್ಟು ದಿನಕ್ಕೊಮ್ಮೆ ಮಾಡಿಕೊಳ್ಳುತ್ತಿದ್ದಿರಿ?"

"ಮೂರು ದಿನಕ್ಕೊಮ್ಮೆ."

"ಮೂರು ದಿನಕ್ಕೆ ಉರಿಯೂತವೇ ತಣ್ಣಗಾಗಿರುವುದಿಲ್ಲ. ನೀವು ಗಾಯ ಮಾಡಿದ್ದೀರಿ, ಆದರೆ ಮಾಯಲು ಬಿಟ್ಟಿಲ್ಲ. ಇಲ್ಲಿ ಕೆಲಸ ಮಾಡುವುದು ಮಾಯುವಿಕೆ, ಗಾಯ ಅಲ್ಲ."

ಸೋಂಕಿಗೆ ಔಷಧ ಬರೆದು, ಎಂಟು ವಾರ ನೆತ್ತಿಗೆ ಏನನ್ನೂ ಚುಚ್ಚಕೂಡದೆಂದರು. ಆ ಅವಧಿಯಲ್ಲಿ ಎರಡು ಸಲ ಭೇಟಿಯಾದಾಗ, ಇಲಿಯ ಪ್ರಯೋಗವನ್ನು ನಾನು ಎಲ್ಲಿ ತಪ್ಪಾಗಿ ಓದಿಕೊಂಡಿದ್ದೆನೆಂಬುದನ್ನು ಅವರು ತಾಳ್ಮೆಯಿಂದ ಬಿಡಿಸಿ ಹೇಳಿದರು. ಅವರು ಹೇಳಿದ್ದನ್ನೂ ಆಮೇಲೆ ನಾನೇ ಓದಿ ತಿಳಿದುಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ತಿಳಿಯದೆ ಹೋದರೆ ಸೂಜಿ ಚುಚ್ಚುವ ಈ ಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬೇಕೆಂಬುದೇ ತಿಳಿಯುವುದಿಲ್ಲ.

ಇಲಿಯ ಗಾಯ ಚರ್ಮವನ್ನು ಪೂರ್ತಿ ತೆಗೆದದ್ದು. ವಿಸ್ತಾರದಲ್ಲಿ ಒಂದು ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡದು. ಸೂಜಿ ಮಾಡುವ ಗಾಯ ಕೂದಲೆಳೆಯಷ್ಟು ಅಗಲದ ರಂಧ್ರ, ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳುವಂಥದ್ದು. ಇವೆರಡಕ್ಕೂ ಗಾಯವೆಂಬ ಒಂದೇ ಹೆಸರಿದ್ದರೂ ಒಂದಕ್ಕೊಂದು ಹೋಲಿಕೆಯಿಲ್ಲ. ಹಾಗಾದರೆ ಮನುಷ್ಯನಿಗೆ ದೊಡ್ಡ ಗಾಯವನ್ನೇ ಮಾಡಬಾರದೇಕೆ ಎಂದರೆ, ಮನುಷ್ಯನ ದೊಡ್ಡ ಗಾಯ ಇಲಿಯ ಗಾಯದಂತೆ ಮಾಯುವುದಿಲ್ಲ. ಸುಟ್ಟ ಗಾಯವನ್ನೋ ಆಳವಾಗಿ ತರಚಿದ ಮೊಣಕಾಲನ್ನೋ ನೋಡಿದವರಿಗೆ ಗೊತ್ತು, ಅಲ್ಲಿ ಉಳಿಯುವುದು ಕೂದಲಿಲ್ಲದ ನುಣುಪಾದ ಕಲೆ. 2013ರಲ್ಲಿ ಕೋಟ್ಸರೆಲಿಸ್ ಅವರ ಗುಂಪೇ ಇದಕ್ಕೆ ಒಂದು ಕಾರಣವನ್ನು ಮುಂದಿಟ್ಟಿತು: ಇಲಿಯ ಒಳಚರ್ಮದಲ್ಲಿ ಗಾಮಾ ಡೆಲ್ಟಾ ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳು ಹೇರಳವಾಗಿವೆ, ಗಾಯವಾದಾಗ ಅವು ಎಫ್‌ಜಿಎಫ್9 ಎಂಬ ಪ್ರೋಟೀನನ್ನು ಸ್ರವಿಸಿ ವಿಂಟ್ ಸಂಕೇತವನ್ನು ಹೊತ್ತಿಸುತ್ತವೆ. ಮನುಷ್ಯನ ಒಳಚರ್ಮದಲ್ಲಿ ಆ ಕೋಶಗಳು ತೀರ ಕಡಿಮೆ. ಕಿಡಿ ಹೊತ್ತಿಸುವವರೇ ಇಲ್ಲದ ಕಡೆ ಎಷ್ಟು ಸೌದೆ ಒಟ್ಟಿದರೂ ಬೆಂಕಿಯಾಗುವುದಿಲ್ಲ. ನಾನು ಆರು ವಾರ ಒಟ್ಟಿದ್ದು ಬರೀ ಸೌದೆ.

ಹಾಗಿದ್ದರೂ ಸೂಜಿಚಿಕಿತ್ಸೆಗೆ (ಮೈಕ್ರೋನೀಡ್ಲಿಂಗ್) ಅರ್ಥವಿರುವುದು ಬೇರೊಂದು ಸಂಗತಿಯಿಂದಾಗಿ. ಆನುವಂಶಿಕವಾಗಿ ಬರುವ ಬೋಳಿನಲ್ಲಿ ರೋಮಕೂಪಗಳು ಒಮ್ಮೆಗೇ ಸಾಯುವುದಿಲ್ಲ. ಪ್ರತಿ ಬೆಳವಣಿಗೆಯ ಚಕ್ರದಲ್ಲಿ ಸ್ವಲ್ಪ ಸ್ವಲ್ಪವೇ ಕುಗ್ಗುತ್ತ, ದಪ್ಪ ಕೂದಲು ಕೊಡುತ್ತಿದ್ದದ್ದು ಕಣ್ಣಿಗೆ ಕಾಣದಷ್ಟು ನವಿರಾದ ಕೂದಲನ್ನು ಕೊಡತೊಡಗುತ್ತವೆ. 2011ರಲ್ಲಿ ಲೂಯಿಸ್ ಗಾರ್ಜಾ ಮತ್ತು ಸಂಗಡಿಗರು ಒಬ್ಬನೇ ಮನುಷ್ಯನ ತಲೆಯ ಬೋಳು ಭಾಗವನ್ನೂ ಕೂದಲಿರುವ ಭಾಗವನ್ನೂ ಹೋಲಿಸಿ ನೋಡಿದಾಗ, ಬೋಳಾದ ಕಡೆಯಲ್ಲೂ ಹೊಸ ಕೋಶಗಳನ್ನು ಹುಟ್ಟಿಸುವ ಆಕರಕೋಶಗಳು (ಸ್ಟೆಮ್ ಸೆಲ್) ಉಳಿದಿದ್ದವು. ಕಡಿಮೆಯಾಗಿದ್ದದ್ದು ಆಕರಕೋಶಗಳಿಂದ ಹುಟ್ಟಿ ಕೂದಲು ಕಟ್ಟುವ ಕೆಲಸಕ್ಕೆ ಇಳಿಯಬೇಕಾದ ಮುಂದಿನ ಹಂತದ ಕೋಶಗಳು. ಅಂದರೆ ಬೀಜ ಇದೆ, ಮೊಳಕೆಯೊಡೆಯುತ್ತಿಲ್ಲ. ಹಿತಮಿತವಾಗಿ ಚುಚ್ಚಿದಾಗ ರಕ್ತದ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಮತ್ತು ಸುತ್ತಲಿನ ಕೋಶಗಳು ಬಿಡುವ ಬೆಳವಣಿಗೆಯ ಅಂಶಗಳು ಇಂಥ ಸೊರಗಿದ ಕೂಪಗಳನ್ನು ತಟ್ಟಿ ಎಬ್ಬಿಸಬಹುದು. ಜೊತೆಗೆ, ಮಿನಾಕ್ಸಿಡಿಲ್ ಚರ್ಮದಲ್ಲಿ ಸಲ್ಫೊಟ್ರಾನ್ಸ್‌ಫರೇಸ್ ಎಂಬ ಕಿಣ್ವದಿಂದ ಪರಿವರ್ತನೆಯಾದ ಮೇಲಷ್ಟೇ ಕೆಲಸ ಮಾಡುವುದರಿಂದ, ಸೂಜಿಚಿಕಿತ್ಸೆ ಆ ಕಿಣ್ವವನ್ನು ಹೆಚ್ಚಿಸುತ್ತದೆಂಬ ವರದಿಗಳಿಗೂ ಮಹತ್ವವಿದೆ. ಹೊಸದನ್ನು ಹುಟ್ಟಿಸುವುದು ಒಂದು, ಸೊರಗಿದ್ದನ್ನು ಎಬ್ಬಿಸುವುದು ಇನ್ನೊಂದು. ನಾನು ಮೊದಲನೆಯದಕ್ಕಾಗಿ ತಲೆಯನ್ನು ಸೀಳಿಕೊಂಡಿದ್ದೆ, ಸಿಗಬಹುದಾಗಿದ್ದದ್ದು ಎರಡನೆಯದು ಮಾತ್ರ.

ಇದರ ಮೇಲೆ ಹೆಚ್ಚು ಉಲ್ಲೇಖಗೊಳ್ಳುವ ಅಧ್ಯಯನ 2013ರಲ್ಲಿ ಪ್ರಕಟವಾದದ್ದು. ರಚಿತಾ ಧುರಟ್ ಮತ್ತು ಸಹೋದ್ಯೋಗಿಗಳು ಮುಂಬೈಯಲ್ಲಿ ನಡೆಸಿದ್ದು. 100 ಪುರುಷರನ್ನು ಎರಡು ಗುಂಪು ಮಾಡಿ, ಎರಡಕ್ಕೂ ಶೇಕಡಾ 5ರ ಮಿನಾಕ್ಸಿಡಿಲ್ ಕೊಟ್ಟು, ಒಂದು ಗುಂಪಿಗೆ ಮಾತ್ರ ವಾರಕ್ಕೊಮ್ಮೆ 1.5 ಮಿಲಿಮೀಟರ್ ಸೂಜಿಗಳ ಉರುಳೆಯ ಚಿಕಿತ್ಸೆ ನೀಡಲಾಗಿತ್ತು. 12 ವಾರಗಳ ಕೊನೆಗೆ ಕೂದಲಿನ ಎಣಿಕೆಯಲ್ಲಿ ಸರಾಸರಿ ಏರಿಕೆ ಸೂಜಿಯ ಗುಂಪಿನಲ್ಲಿ 91.4, ಮಿನಾಕ್ಸಿಡಿಲ್ ಮಾತ್ರ ಪಡೆದವರಲ್ಲಿ 22.2. ಈ ಅಂಕಿಗಳನ್ನು ಹಿಡಿದುಕೊಂಡು ನಾನು ಉತ್ಸಾಹದಿಂದ ಮಾತನಾಡಿದಾಗ ವೈದ್ಯೆ ನನ್ನನ್ನು ತಡೆದು, 12 ವಾರ ಕೂದಲಿನ ಲೆಕ್ಕದಲ್ಲಿ ತೀರ ಚಿಕ್ಕ ಅವಧಿ, ಸರಾಸರಿಯೆಂಬುದು ನಿಮ್ಮೊಬ್ಬರ ತಲೆಯ ಬಗ್ಗೆ ಏನನ್ನೂ ಹೇಳುವುದಿಲ್ಲ, ಇನ್ನೂ ಕಡಿಮೆ ಆಳದ ಸೂಜಿಗಳೂ ಒಳ್ಳೆಯ ಫಲ ಕೊಟ್ಟ ಅಧ್ಯಯನಗಳಿವೆ ಎಂದು ನೆನಪಿಸಿದರು. ಆಳ ಹೆಚ್ಚಾದಷ್ಟೂ ಒಳ್ಳೆಯದೆಂಬ ನನ್ನ ನಂಬಿಕೆಯ ಕೊನೆಯ ಬೇರು ಕಿತ್ತದ್ದು ಆಗ.

ವೈದ್ಯೆಯೇ ಮಾಡಲಿದ್ದ ಸೂಜಿಚಿಕಿತ್ಸೆಗೆ ಮುಂಚೆ ರಕ್ತಪರೀಕ್ಷೆಗಳಾದವು: ಕಬ್ಬಿಣದ ಸಂಗ್ರಹ, ಥೈರಾಯ್ಡ್. ಎರಡೂ ಸರಿಯಾಗಿದ್ದವು. ಕೂದಲುದುರುವುದನ್ನು ತಡೆಯುವ ಫಿನಾಸ್ಟರೈಡ್ ಮಾತ್ರೆಯ ಲಾಭವನ್ನೂ ಲೈಂಗಿಕ ಆಸಕ್ತಿ ಕುಗ್ಗುವಂಥ ಅಡ್ಡಪರಿಣಾಮಗಳ ಸಾಧ್ಯತೆಯನ್ನೂ ಅವರು ವಿವರಿಸಿದರು. ನಾನು ಸದ್ಯಕ್ಕೆ ಬೇಡವೆಂದೆ. ಆ ಎಂಟು ವಾರಗಳ ಬಿಡುವಿನ ನಾಲ್ಕನೆಯ ವಾರದಿಂದ, ಚರ್ಮ ಪೂರ್ತಿ ಮಾಯ್ದ ಮೇಲೆ, ಮಿನಾಕ್ಸಿಡಿಲ್ ಮತ್ತೆ ಆರಂಭವಾಯಿತು. ಸುಳಿಯ ಬಳಿ ಒಂದು ಚಿಕ್ಕ ಚುಕ್ಕಿ ಹಚ್ಚೆ ಹಾಕಿ, ಅದರ ಪಕ್ಕದ ಒಂದು ಚದರ ಸೆಂಟಿಮೀಟರ್ ಜಾಗದ ಚಿತ್ರ ತೆಗೆದು ಕೂದಲು ಎಣಿಸಿದರು. 104 ಎಂದು ಬರೆದುಕೊಂಡರು. ಅಷ್ಟು ವರ್ಷ ಕನ್ನಡಿಯಲ್ಲಿ ನೋಡಿ ನೊಂದುಕೊಂಡಿದ್ದಕ್ಕೆ ಒಂದು ಸಂಖ್ಯೆ ಸಿಕ್ಕಿದ್ದರಿಂದ ನನಗೆ ವಿಚಿತ್ರವಾದ ಸಮಾಧಾನವಾಯಿತು.

ಮೊದಲ ದಿನದ ಚಿಕಿತ್ಸೆಯನ್ನು ಕೊಂಚ ವಿವರವಾಗಿ ಹೇಳಬೇಕು. ಕೂದಲನ್ನು ಮೊದಲೇ ಗಿಡ್ಡವಾಗಿ ಕತ್ತರಿಸಿಕೊಂಡು, ತಲೆ ತೊಳೆದು ಒಣಗಿಸಿಕೊಂಡು ಬರಲು ಹೇಳಿದ್ದರು. ಲಿಡೊಕೇನ್ ಮತ್ತು ಪ್ರಿಲೊಕೇನ್ ಬೆರೆಸಿದ ಮರಗಟ್ಟಿಸುವ ಮುಲಾಮನ್ನು ನೆತ್ತಿಗೆ ದಪ್ಪನಾಗಿ ಹಚ್ಚಿ, ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಹೊದಿಸಿ ಮುಕ್ಕಾಲು ಗಂಟೆ ಕೂರಿಸಿದರು. ಮೊದಲು ತಣ್ಣಗಾಗಿ, ಆಮೇಲೆ ಬಿಸಿಯೇರಿದಂತಾಗಿ, ಕೊನೆಗೆ ನೆತ್ತಿ ನನ್ನದಲ್ಲವೆನ್ನುವಂತೆ ಜೋಮು ಹಿಡಿಯಿತು. ಮುಲಾಮನ್ನು ಒರೆಸಿ ತೆಗೆದು, ನಂಜುನಿವಾರಕದಿಂದ ಶುಚಿ ಮಾಡಿ, ಲೇಖನಿಯಂತಹ ಯಂತ್ರಕ್ಕೆ ಹೊಸ ಸೂಜಿತಲೆಯನ್ನು ನನ್ನ ಕಣ್ಣೆದುರೇ ಪೊಟ್ಟಣ ಹರಿದು ಜೋಡಿಸಿದರು; ಒಮ್ಮೆ ಬಳಸಿದ್ದನ್ನು ಎಸೆದುಬಿಡುತ್ತಾರೆ. ಉರುಳೆಯ ಸೂಜಿ ಓರೆಯಾಗಿ ಒಳಹೊಕ್ಕು ಓರೆಯಾಗಿ ಹೊರಬರುತ್ತದೆ, ಈ ಯಂತ್ರದ ಸೂಜಿ ನೇರವಾಗಿ ಇಳಿದು ನೇರವಾಗಿ ಏಳುತ್ತದೆ ಎಂಬುದು ಅವರ ವಿವರಣೆ. ಸುಳಿಗೆ 1.5 ಮಿಲಿಮೀಟರ್ ಆಳ, ಹಣೆಯ ಮೂಲೆಗಳಲ್ಲಿ ಅದಕ್ಕಿಂತ ಕಡಿಮೆ.

ನೋವಿಗಿಂತ ಹೆಚ್ಚಾಗಿ ಗಮನಕ್ಕೆ ಬಂದದ್ದು ಸದ್ದು. ಯಂತ್ರದ ಗುಂಯ್‌ಗುಡುವಿಕೆ ತಲೆಬುರುಡೆಯ ಮೂಲಕ ನೇರ ಕಿವಿಯೊಳಗೆ ಇಳಿಯುತ್ತಿತ್ತು. ಉದ್ದಕ್ಕೆ, ಅಡ್ಡಕ್ಕೆ, ಓರೆಗೆ, ಹೀಗೆ ಅಂಗೈಯಗಲದ ಜಾಗವನ್ನು ಭಾಗ ಮಾಡಿಕೊಂಡು ಅವರು ಸಾಗಿದರು. ಸುಳಿಯಲ್ಲಿ ಒತ್ತಿದಂತಷ್ಟೇ ಆಗುತ್ತಿತ್ತು. ಹಣೆಯ ಮೂಲೆಗಳಲ್ಲಿ, ಚರ್ಮ ಎಲುಬಿಗೆ ಅಂಟಿಕೊಂಡಿರುವ ಕಡೆ, ಮುಲಾಮಿದ್ದರೂ ಕಣ್ಣಲ್ಲಿ ನೀರು ಬರುವಷ್ಟು ಚುರುಗುಟ್ಟಿತು. ಎಲ್ಲಿಗೆ ನಿಲ್ಲಿಸುತ್ತೀರೆಂದು ಕೇಳಿದೆ. "ಚರ್ಮ ಕೆಂಪಾಗಿ, ಸೂಜಿಮೊನೆಯಷ್ಟು ರಕ್ತದ ಚುಕ್ಕಿಗಳು ಕಂಡ ಕೂಡಲೇ ಆ ಭಾಗ ಮುಗಿಯಿತು. ರಕ್ತ ಹರಿಯಿತೆಂದರೆ ನಾನು ತಪ್ಪು ಮಾಡಿದೆನೆಂದು ಅರ್ಥ" ಎಂದರು. ಮನೆಯಲ್ಲಿ ನಾನು ಹತ್ತಿಯನ್ನು ಒತ್ತಿ ಹಿಡಿಯುವಷ್ಟು ರಕ್ತ ಬರಿಸಿಕೊಂಡು, ಅದನ್ನು ಚಿಕಿತ್ಸೆಯ ಅಳತೆಯೆಂದು ಭಾವಿಸಿದ್ದೆ. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿದು, ಲವಣದ್ರಾವಣದಲ್ಲಿ ಅದ್ದಿದ ತಣ್ಣನೆಯ ಬಟ್ಟೆ ತಲೆಯ ಮೇಲೆ ಬಿತ್ತು.

ಆ ರಾತ್ರಿ ತಲೆಗೆ ನೀರು ಸೋಕಿಸುವಂತಿರಲಿಲ್ಲ. ಮಿನಾಕ್ಸಿಡಿಲ್‌ಗೆ 24 ಗಂಟೆಗಳ ಬಿಡುವು, ಏಕೆಂದರೆ ತೆರೆದ ರಂಧ್ರಗಳ ಮೂಲಕ ಅದು ಮಿತಿಮೀರಿ ಒಳಸೇರಿದರೆ ಎದೆಬಡಿತ ಹೆಚ್ಚಬಹುದು, ರಕ್ತದೊತ್ತಡ ಇಳಿಯಬಹುದು. ಅದು ಮೊದಲಿಗೆ ರಕ್ತದೊತ್ತಡದ ಮಾತ್ರೆಯಾಗಿ ಬಂದ ಔಷಧವೇ ಅಲ್ಲವೇ. ಬಿಸಿಲು, ಬೆವರು, ಬಣ್ಣ ಬೇಡ. ಎರಡು ದಿನ ಬಿಸಿಲಲ್ಲಿ ಸುಟ್ಟಂತೆ ಕೆಂಪಗಿದ್ದು, ಮೂರನೆಯ ದಿನ ಬಿಗಿತ, ನಾಲ್ಕನೆಯ ದಿನ ನವೆಯೊಂದಿಗೆ ಪುಡಿಪುಡಿಯಾದ ಹಕ್ಕಳೆ. ಕೆರೆಯಬಾರದೆಂಬ ಒಂದು ಸೂಚನೆಯನ್ನು ಪಾಲಿಸುವುದು ಉಳಿದೆಲ್ಲಕ್ಕಿಂತ ಕಷ್ಟವಾಗಿತ್ತು. ಮುಂದಿನ ಸರದಿ ಎರಡು ವಾರಗಳ ನಂತರ. ಮುಂಬೈಯ ಅಧ್ಯಯನದಲ್ಲಿ ವಾರಕ್ಕೊಮ್ಮೆ ಇತ್ತಲ್ಲ ಎಂದು ಕೇಳಿದ್ದಕ್ಕೆ, ನಿಮ್ಮ ನೆತ್ತಿ ಈಗಾಗಲೇ ಬಹಳ ಸಹಿಸಿದೆ, ಅದಕ್ಕೆ ಸಮಯ ಬೇಕು ಎಂದಿದ್ದರು.

ಐದನೆಯ ವಾರ ನಾನು ಧೈರ್ಯ ಕಳೆದುಕೊಂಡೆ. ಸ್ನಾನ ಮಾಡುವಾಗ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಮಿನಾಕ್ಸಿಡಿಲ್ ಆರಂಭಿಸಿದಾಗ ವಿಶ್ರಾಂತಿಯ ಹಂತದಲ್ಲಿರುವ ಕೂದಲು ಉದುರಿ, ಅದೇ ಕೂಪದಲ್ಲಿ ಮುಂದಿನ ಕೂದಲು ಬೆಳೆಯತೊಡಗುತ್ತದೆಂದು ಓದಿ ತಿಳಿದಿದ್ದೆ. ಆದರೆ ಓದಿದ ಮಾತು ಅಂಗೈಯಲ್ಲಿ ಕೂದಲು ಕಂಡಾಗ ಎಷ್ಟು ಬೇಗ ಮರೆತುಹೋಗುತ್ತದೆ! ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ತಂಗಿ. ಪ್ರತಿ ನಾಲ್ಕನೆಯ ಭಾನುವಾರ, ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನ ಬೆಳಕಿನಲ್ಲಿ ಅವಳು ನೆತ್ತಿಯ ಚಿತ್ರ ತೆಗೆಯುತ್ತಿದ್ದಳು. ನಡುವೆ ಎಷ್ಟೇ ಗೋಗರೆದರೂ ತೆಗೆಯುತ್ತಿರಲಿಲ್ಲ, ಹಿಂದಿನ ಚಿತ್ರಗಳನ್ನು ತೋರಿಸುತ್ತಲೂ ಇರಲಿಲ್ಲ. "ಆರು ತಿಂಗಳಾಗಲಿ, ಎಲ್ಲ ಒಟ್ಟಿಗೆ ತೋರಿಸ್ತೀನಿ" ಎನ್ನುತ್ತಿದ್ದಳು. ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರಷ್ಟೇ ಬೆಳೆಯುವ ಕೂದಲನ್ನು ದಿನಾ ನೋಡಿ ಪ್ರಯೋಜನವಿಲ್ಲವೆಂಬುದನ್ನು ಅವಳು ನನಗಿಂತ ಚೆನ್ನಾಗಿ ಅರಿತಿದ್ದಳು.

ಆರನೆಯ ಸರದಿಗೆ ಹೋದಾಗ ನನ್ನ ತಲೆಹೊಟ್ಟು ಹೆಚ್ಚಾಗಿ ಅಲ್ಲಲ್ಲಿ ಕೆಂಪಾಗಿತ್ತು. ವೈದ್ಯೆ ಮುಲಾಮು ಹಚ್ಚುವ ಮುಂಚೆಯೇ ಡರ್ಮಾಸ್ಕೋಪಿನಲ್ಲಿ ನೋಡಿ, ಇವತ್ತು ಚುಚ್ಚುವುದಿಲ್ಲವೆಂದು ಕೀಟೋಕೊನಜೋಲ್ ಶಾಂಪೂ ಬರೆದು ಕಳಿಸಿಬಿಟ್ಟರು. ಉರಿಯೂತವಿರುವ ಚರ್ಮದ ಮೇಲೆ ಸೂಜಿ ಓಡಿಸಿದರೆ ಸೋಂಕು ಒಳಗಿಳಿಯುತ್ತದೆ ಎಂಬುದಕ್ಕೆ ನಾನೇ ಉದಾಹರಣೆಯಾಗಿದ್ದರಿಂದ ಮರುಮಾತಾಡದೆ ಹಿಂತಿರುಗಿದೆ. ಚಿಕಿತ್ಸೆ ಮಾಡದೆ ಕಳಿಸಿದ ಆ ದಿನದಿಂದಲೇ ಅವರ ಮೇಲೆ ನನಗೆ ಪೂರ್ತಿ ಭರವಸೆ ಬಂತು.

12ನೆಯ ವಾರದ ಎಣಿಕೆ 113. ಉದುರಿದ್ದು ತುಂಬಿಕೊಂಡು ಒಂಬತ್ತು ಹೆಚ್ಚಾಗಿತ್ತು. 24ನೆಯ ವಾರ 131. ಸಂಖ್ಯೆಗಿಂತ ನನಗೆ ಮುಖ್ಯವಾಗಿ ಕಂಡದ್ದು ದಪ್ಪ: ಮೊದಲ ಚಿತ್ರದಲ್ಲಿ ಮಬ್ಬು ಗೆರೆಗಳಂತಿದ್ದ ಹಲವು ನವಿರು ಕೂದಲುಗಳು ಈಗ ಕಪ್ಪಾಗಿ, ನೆರಳು ಬೀಳುವಷ್ಟು ದಪ್ಪವಾಗಿದ್ದವು. ಆ ಭಾನುವಾರ ತಂಗಿ ಏಳು ಚಿತ್ರಗಳನ್ನು ಸಾಲಾಗಿ ಜೋಡಿಸಿಟ್ಟಳು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಸುಳಿ ಇನ್ನಷ್ಟು ಬರಿದಾಗಿತ್ತು; ನಾಲ್ಕನೆಯದರಿಂದ ತುಸುತುಸುವೇ ಮುಚ್ಚಿಕೊಳ್ಳತೊಡಗಿ, ಏಳನೆಯದರಲ್ಲಿ ನೆತ್ತಿಯ ಚರ್ಮ ಬಿಸಿಲಿಗೆ ಹೊಳೆಯುವುದು ನಿಂತಿತ್ತು. ನಾನು ಬಹಳ ಹೊತ್ತು ಮಾತಾಡಲಿಲ್ಲ.

ಈ ಗೆಲುವಿನಲ್ಲಿ ಮಿನಾಕ್ಸಿಡಿಲ್‌ನ ಪಾಲೆಷ್ಟು, ಸೂಜಿಯ ಪಾಲೆಷ್ಟು ಎಂದು ನನ್ನೊಬ್ಬನ ತಲೆಯನ್ನು ನೋಡಿ ಹೇಳಲಾಗದು. ಮೊದಲ ಸಲ ಮಿನಾಕ್ಸಿಡಿಲ್ ಒಂದನ್ನೇ ಒಂದು ವರ್ಷ ಹಚ್ಚಿದಾಗ ಇಷ್ಟು ಬಂದಿರಲಿಲ್ಲ ಎಂಬುದು ನಿಜ; ಆದರೆ ಆಗ ಯಾರೂ ಎಣಿಸಿರಲಿಲ್ಲ ಎಂಬುದೂ ಅಷ್ಟೇ ನಿಜ. ಹಣೆಯ ಮೂಲೆಗಳಲ್ಲಂತೂ ಏನೂ ಆಗಲಿಲ್ಲ. ಅತಿ ಹೆಚ್ಚು ನೋವು ತಿಂದದ್ದು ಅಲ್ಲಿ, ಆದರೆ 24ನೆಯ ವಾರ ಅಲ್ಲಿ ಕಂಡದ್ದು ಬೆಳಕಿಗೆ ಹಿಡಿದರೆ ಮಾತ್ರ ತೋರುವ ಕೆಲವು ಎಳೆಗೂದಲು. ಹತ್ತು ವರ್ಷಗಳ ಹಿಂದೆಯೇ ಬರಿದಾದ ಆ ಜಾಗದಲ್ಲಿ ಎಬ್ಬಿಸಲು ಉಳಿದ ಕೂಪಗಳು ಕಡಿಮೆಯಿರಬಹುದೆಂದ ವೈದ್ಯೆ, ಅಲ್ಲಿ ಚುಚ್ಚುವುದನ್ನು ನಿಲ್ಲಿಸೋಣವೇ ಎಂದು ಕೇಳಿದಾಗ ನಾನು ಒಪ್ಪಿದೆ. ಒಪ್ಪಿದ್ದು ಸಂತೋಷದಿಂದಲ್ಲ. ನಿಜವಾಗಿ ಹೊಸ ಕೂಪ ಹುಟ್ಟಿಸಬಲ್ಲ ಚಿಕಿತ್ಸೆ ಬೇಕಾಗಿರುವುದು ಇಂಥ ಜಾಗಗಳಿಗೇ, ಆ ಸಂಶೋಧನೆ ಮುಂದುವರಿಯಲೆಂದು ನಾನು ಮನಸಾರೆ ಬಯಸುತ್ತೇನೆ.

ಈಗ ಒಂದು ವರ್ಷ ದಾಟಿದೆ. ಸುಳಿಗೆ ತಿಂಗಳಿಗೊಮ್ಮೆ ಸೂಜಿ, ದಿನಕ್ಕೆರಡು ಸಲ ಮಿನಾಕ್ಸಿಡಿಲ್. ಕಳೆದ ಎಣಿಕೆ 134, ಅಂದರೆ ಆರು ತಿಂಗಳಲ್ಲಿ ಹೆಚ್ಚಾದದ್ದು ಮೂರು. ಏರಿಕೆ ಬಹುಶಃ ಇಲ್ಲಿಗೆ ನಿಂತಿದೆ, ಇನ್ನು ಮುಂದಿನದು ಉಳಿಸಿಕೊಳ್ಳುವ ಕೆಲಸ ಎಂದು ವೈದ್ಯೆ ಹೇಳಿದ್ದಾರೆ. ಪ್ರತಿ ಸಲವೂ ಅವರು ಹಚ್ಚೆಯ ಚುಕ್ಕಿಯ ಪಕ್ಕದ ಜಾಗದ ಜೊತೆಗೆ ಇನ್ನೊಂದು ಜಾಗದ ಚಿತ್ರವನ್ನೂ ತೆಗೆಯುತ್ತಾರೆ. ಅದು ಸುಳಿಯ ಬಲಬದಿಯಲ್ಲಿ, ನಾನು ಗುಳ್ಳೆ ಕೆರೆದು ಒಡೆದ ಕಡೆ, 3 ಮಿಲಿಮೀಟರ್ ಅಗಲದ ಬಿಳಿಚಿದ ಕಲೆ. ಡರ್ಮಾಸ್ಕೋಪಿನಲ್ಲಿ ನೋಡಿದರೆ ಅಲ್ಲಿ ಕೂಪದ ಬಾಯಿಗಳೇ ಕಾಣುವುದಿಲ್ಲ. ಸುತ್ತಲಿನ ಕೂದಲು ಬೆಳೆದು ಈಗ ಅದರ ಮೇಲೆ ಬಾಗಿದೆ. ಬಾಚಣಿಗೆಯಿಂದ ಸರಿಸಿದರೆ ಮಾತ್ರ ಕಲೆ ಕಾಣುತ್ತದೆ.